ನಲವತ್ತು ಡಿಗ್ರಿ ಮೀರಬಾರದು

ಕಾರ್ಖಾನೆಯಲ್ಲಿ ಚೀಟಿ ಎತ್ತಿದಾಗ ಸತ್ಯಮೂರ್ತಿಯ ಹೆಸರು ಬಂತೆಂದರೆ ಮನೆಯಲ್ಲಿ ಯಾರೂ ಮೊದಲು ನಂಬಲಿಲ್ಲ. ರೇಷನ್ ಅಂಗಡಿಯಲ್ಲಿ ತನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ಸಕ್ಕರೆ ಮುಗಿದುಹೋಗುವಂಥ ಮನುಷ್ಯ ಅವನು. ಆದರೆ ತೊಂಬತ್ತೆರಡರ ಯುಗಾದಿ ಕಳೆದ ಎರಡನೆಯ ಶನಿವಾರ ಮೂವರು ಹಮಾಲರು ಭಾಂಡುಪ್ ಕಾಲೊನಿಯ ನಾಲ್ಕು ಮಹಡಿ ಹತ್ತಿ ನಿಜವಾಗಿಯೂ ಬಂದರು. ಒಬ್ಬನ ತಲೆಯ ಮೇಲೆ ಗಾಜಿನ ಸೋಲಾರ್ ಪ್ಯಾನೆಲ್, ಇನ್ನೊಬ್ಬನ ಹೆಗಲ ಮೇಲೆ ಬ್ಯಾಟರಿ, ಮೂರನೆಯವನ ಬೆನ್ನ ಮೇಲೆ ಟ್ರಂಕಿನಷ್ಟು ದೊಡ್ಡ ಇನ್ವರ್ಟರ್. ಕಂಪನಿಯವರು ಯಾವುದೋ ಪ್ರದರ್ಶನಕ್ಕೆ ತರಿಸಿದ್ದ ಸಾಮಾನು ಅದು. ಪ್ರದರ್ಶನ ಮುಗಿದ ಮೇಲೆ ಗೋಡೌನಿನಲ್ಲಿ ಧೂಳು ಹಿಡಿಸುವ ಬದಲು ಕೆಲಸಗಾರರಲ್ಲಿ ಒಬ್ಬರಿಗೆ ಕೊಟ್ಟುಬಿಡೋಣವೆಂದು ಚೀಟಿ ಹಾಕಿದ್ದರು.

"ಹಗಲೆಲ್ಲಾ ಬಿಸಿಲಿಗೆ ಬ್ಯಾಟರಿ ತುಂಬುತ್ತೆ. ಸಂಜೆ ಕರೆಂಟು ಹೋದ್ರೆ ಇಡೀ ಕಾಲೊನಿ ಬೀಸಣಿಗೆ ಹುಡುಕ್ತಿರುತ್ತೆ, ನಮ್ಮನೇಲಿ ಮಾತ್ರ ಫ್ಯಾನು ತಿರುಗ್ತಿರುತ್ತೆ," ಎಂದು ಸತ್ಯಮೂರ್ತಿ ಹಾಲಿನ ನಡುವೆ ನಿಂತು ಸಾರಿದ.

ಅವನ ಹೆಂಡತಿ ಸರಸ್ವತಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು. "ಅದು ಸರಿ. ಇದನ್ನ ಎಲ್ಲಿಡ್ತೀರಿ?"

"ಎಲ್ಲಾದ್ರೂ ಇಟ್ರಾಯ್ತು ಬಿಡೆ."

ಎಲ್ಲಾದರೂ ಎನ್ನುವಂಥ ಜಾಗ ಮುಂಬಯಿಯ ಯಾವ ಮನೆಯಲ್ಲಿದೆ? ಇವರದು ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ, ಹಾಲಿಗೆ ಅಂಟಿಕೊಂಡಂತೆ ಉತ್ತರಕ್ಕೆ ಮೂರಡಿ ಅಗಲದ ಗ್ಯಾಲರಿ. ಅದರಲ್ಲಿ ಐದು ಜನ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮಾವ ಶಾಮಣ್ಣನವರು, ಅತ್ತೆ ಪುಟ್ಟಲಕ್ಷ್ಮಮ್ಮ, ಆಗಷ್ಟೇ ಹನ್ನೊಂದನೆಯ ಪರೀಕ್ಷೆ ಮುಗಿಸಿದ್ದ ಮಗಳು ಶಾಮಲಾ, ಗಂಡ, ಹೆಂಡತಿ. ಒಂದು ಹೊಸ ಬಕೆಟ್ ತಂದರೂ ಹಳೆಯ ಬಕೆಟ್ಟನ್ನು ಯಾರಿಗಾದರೂ ಕೊಡಬೇಕಾದ ಮನೆ ಅದು.

ಪ್ಯಾನೆಲ್ಲಿನ ಬಗ್ಗೆ ತಕರಾರಿರಲಿಲ್ಲ, ಟೆರೇಸಿಗೆ ಹೋಯಿತು. ಇನ್ವರ್ಟರಿನ ವಿಷಯಕ್ಕೆ ಶಾಮಣ್ಣನವರು ತಮ್ಮ ಆರಾಮಕುರ್ಚಿಯಿಂದಲೇ ತೀರ್ಪು ಕೊಟ್ಟರು.

"ವಿದ್ಯುತ್ತು ಅಂದ್ರೆ ಅಗ್ನಿ. ಅಗ್ನಿ ಆಗ್ನೇಯದಲ್ಲಿರಬೇಕು. ಆಗ್ನೇಯದಲ್ಲಿರೋದು ಅಡುಗೆಮನೆ. ಇದರಲ್ಲಿ ಚರ್ಚೆ ಏನಿದೆ?"

ವೈರಿಂಗ್ ಕೆಲಸಕ್ಕೆ ಬಂದಿದ್ದ ಗದಿಗೆಪ್ಪ ತಲೆ ಕೆರೆದುಕೊಂಡ. ವಿಜಾಪುರದ ಕಡೆಯಿಂದ ಕಟ್ಟಡದ ಕೂಲಿಗೆಂದು ಬಂದು ಎಲೆಕ್ಟ್ರಿಕ್ ಕೆಲಸ ಕಲಿತವನು. ಕಾಲೊನಿಯ ಅರ್ಧ ಮನೆಗಳ ಫ್ಯೂಸು ಅವನ ಕೈಯಲ್ಲಿತ್ತು. "ಅಜ್ಜಾರ, ಒಲಿ ಬಾಜೂಕ ಬ್ಯಾಡ್ರಿ. ಬ್ಯಾಟರಿ ತುಂಬೋ ಮುಂದ ಗ್ಯಾಸ್ ಬಿಡ್ತೈತಿ, ಬೆಂಕಿ ಹತ್ರ ಇಡಬಾರದ್ರಿ."

"ಶಾಸ್ತ್ರ ನಿನ್ನ ಬ್ಯಾಟರಿಗಿಂತ ಹಳೇದಪ್ಪ."

ಗದಿಗೆಪ್ಪ ಅರ್ಧ ಗೆದ್ದ, ಅರ್ಧ ಸೋತ. ಬ್ಯಾಟರಿಯನ್ನು ಒಲೆಯಿಂದ ದೂರ ಕಿಟಕಿಯ ಕೆಳಗೆ ತಳ್ಳಿದ. ಇನ್ವರ್ಟರನ್ನು ಅಡುಗೆಕಟ್ಟೆಯ ಪಕ್ಕದ ಗೋಡೆಗೆ ಕೂರಿಸಿದ. ಶಾಮಣ್ಣನವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಎದುರಿಗೊಂದು ನಿಂಬೆಹಣ್ಣು ಇಟ್ಟರು. ಅಕ್ಕಿ, ಬೇಳೆಯ ಡಬ್ಬಗಳು ಮಂಚದ ಕೆಳಗೆ ಹೋದವು, ಒರಳುಕಲ್ಲು ಬಚ್ಚಲಿಗೆ ಹೋಯಿತು. ಸರಸ್ವತಿ ದೋಸೆಗೆ ರುಬ್ಬಬೇಕಾದರೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂರಬೇಕಾಯಿತು.

ಮೊದಲ ವಾರ ಕರೆಂಟು ಹೋದಾಗ ಫ್ಯಾನು ಹತ್ತು ನಿಮಿಷ ತಿರುಗಿ ನಿಂತಿತು. ಬ್ಯಾಟರಿ ತುಂಬಿಯೇ ಇಲ್ಲ ಎಂದ ಸತ್ಯಮೂರ್ತಿ ಮರುದಿನ ಟೆರೇಸಿಗೆ ಓಡಿದ. ಅಲ್ಲಿ ನೋಡಿದರೆ ಪ್ಯಾನೆಲ್ಲಿನ ತುಂಬಾ ಸಬ್ಬಕ್ಕಿ ಸಂಡಿಗೆ ಸಾಲುಸಾಲಾಗಿ ಒಣಗುತ್ತಿತ್ತು. ಪಕ್ಕದಲ್ಲಿ ಪುಟ್ಟಲಕ್ಷ್ಮಮ್ಮ ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದರು.

"ಅಮ್ಮಾ, ಏನಿದು!"

"ಏನೋ ಹಾಗೆ ಕಿರುಚ್ತೀಯ? ಒಳ್ಳೆ ಗಾಜಿನ ಮಣೆ, ಒರೆಸಿ ಹಾಕಿದ್ದೀನಿ. ಎರಡೇ ದಿನಕ್ಕೆ ಗಲಗಲ ಒಣಗಿದೆ ನೋಡು."

ಮನೆಯವರೆಲ್ಲಾ ನಕ್ಕರು. ಇನ್ವರ್ಟರ್ ನಿಂತದ್ದಕ್ಕೆ ಸಂಡಿಗೆಯೇ ಕಾರಣವೆಂದು ತೀರ್ಮಾನವೂ ಆಯಿತು. ಆದರೆ ಸಂಡಿಗೆ ಡಬ್ಬ ಸೇರಿದ ಮುಂದಿನ ವಾರವೂ ಅದೇ ಕಥೆ. ಮಧ್ಯಾಹ್ನ ಹನ್ನೆರಡೂವರೆಗೆ ಕರೆಂಟು ಹೋಯಿತು, ಫ್ಯಾನು ತಿರುಗಿತು, ಸರಸ್ವತಿ ಮಾವನಿಗೆಂದು ಬಿಸಿಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹಾಗೆಯೇ ಯಂತ್ರ ಕೀ ಎಂದು ಕೂಗಿ ಮಲಗಿಬಿಟ್ಟಿತು. ಗದಿಗೆಪ್ಪ ಬಂದು ಮುಚ್ಚಳ ಬಿಚ್ಚಿ ಕೈಯಿಟ್ಟವನೇ ಹಿಂದೆಳೆದುಕೊಂಡ.

"ಕುದಿಯಾಕತ್ತೈತ್ರಿ, ಅದಕ್ಕ ಟ್ರಿಪ್ ಆಗೇತಿ. ಮ್ಯಾಲ ಸ್ಲ್ಯಾಬ್ ಕಾದೈತಿ, ಕೆಳಗ ಒಲಿ ಉರೀತೈತಿ, ಹಬಿ ಬ್ಯಾರೆ. ಇಲ್ಲೇ ಇಟ್ರ ಈ ಬ್ಯಾಸಗಿ ದಾಟೂದಿಲ್ರಿ ಇದು."

ಸತ್ಯಮೂರ್ತಿ ಕನ್ನಡಕ ಹಾಕಿಕೊಂಡು ಯಂತ್ರದ ಜೊತೆ ಬಂದಿದ್ದ ಪುಸ್ತಕ ಓದಿದ. ನೆರಳಿನಲ್ಲಿ ಇಡಬೇಕು. ಸುತ್ತಲೂ ಒಂದು ಗೇಣು ಜಾಗ ಬಿಡಬೇಕು. ಗಾಳಿ ಆಡಬೇಕು. ಹಬೆ, ಜಿಡ್ಡು ತಾಗಬಾರದು. ಸುತ್ತಲಿನ ಶಾಖ ನಲವತ್ತು ಡಿಗ್ರಿ ಮೀರಬಾರದು. ಓದುತ್ತಾ ಓದುತ್ತಾ ಅವನ ಮುಖದಲ್ಲಿ ಕಳೆ ಬಂತು. ಅವನ ಕಾರ್ಖಾನೆ ತಯಾರಿಸುತ್ತಿದ್ದುದೇ ಶಾಖ ಅಳೆಯುವ ಉಪಕರಣಗಳನ್ನು. ಇಪ್ಪತ್ತು ವರ್ಷ ಅವನ್ನೇ ಪರೀಕ್ಷಿಸಿ ಪಾಸು ಮಾಡುತ್ತಾ ಬಂದವನು. ಮರುದಿನವೇ ಗೋಡೆಗೆ ನೇತುಹಾಕುವ ಒಂದು ಥರ್ಮಾಮೀಟರ್ ಮತ್ತು ಒಂದು ನೋಟ್‌ಬುಕ್ ಮನೆಗೆ ಬಂದವು.

ಹನ್ನೆರಡು ದಿನ ಆ ಥರ್ಮಾಮೀಟರ್ ಮನೆಯೆಲ್ಲಾ ಸುತ್ತಿತು. ಅವನಿಲ್ಲದ ಹೊತ್ತಿನಲ್ಲಿ ಓದಿ ಬರೆಯುವ ಕೆಲಸ ಶಾಮಲಾಳದು. ಹಾಲಿನಲ್ಲಿ ಮೂವತ್ತಾರು. ಪಶ್ಚಿಮದ ಬೆಡ್‌ರೂಮಿನಲ್ಲಿ ಮಧ್ಯಾಹ್ನದ ಮೇಲೆ ಮೂವತ್ತೊಂಬತ್ತು. ಅಡುಗೆಮನೆಯಲ್ಲಿ ಒಲೆ ಉರಿಯುವಾಗ ನಲವತ್ನಾಲ್ಕು, ಆರಿಸಿದ ಎರಡು ಗಂಟೆಯ ಮೇಲೆ ಮೂವತ್ತೇಳು. ಗ್ಯಾಲರಿಯಲ್ಲಿ ಯಾವ ಹೊತ್ತಿನಲ್ಲೂ ಮೂವತ್ಮೂರು ದಾಟಲಿಲ್ಲ.

ಗ್ಯಾಲರಿಯ ವಿಷಯ ಸರಸ್ವತಿಗೆ ಥರ್ಮಾಮೀಟರ್ ಹೇಳಬೇಕಾಗಿರಲಿಲ್ಲ. ಮಧ್ಯಾಹ್ನ ಮೂರರಿಂದ ಐದರವರೆಗೆ ಅವಳು ಅಲ್ಲೊಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಸೊಪ್ಪು ಬಿಡಿಸುವುದು, ಹಳೆಯ ವಾರಪತ್ರಿಕೆ ಓದುವುದು, ಏನೂ ಮಾಡದೆ ದೂರದ ಗುಡ್ಡ ನೋಡುವುದು. ಬೆಳಗ್ಗೆ ಐದೂವರೆಗೆ ಒಲೆ ಹೊತ್ತಿಸಿದವಳಿಗೆ ಬೆನ್ನಿನ ಬೆವರು ಆರುತ್ತಿದ್ದುದು ಆಗ, ಅಲ್ಲಿ ಮಾತ್ರ. ಆ ಎರಡು ಗಂಟೆ ಅವಳ ಸ್ವಂತದ್ದು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಸತ್ಯಮೂರ್ತಿ ನೋಟ್‌ಬುಕ್ ತೆರೆದ. "ಲೆಕ್ಕ ಸ್ಪಷ್ಟವಾಗಿದೆ. ಗ್ಯಾಲರಿ. ಬುಧವಾರ ಗದಿಗೆಪ್ಪನಿಗೆ ಬರೋಕೆ ಹೇಳಿದ್ದೀನಿ, ಕಬ್ಬಿಣದ ಸ್ಟ್ಯಾಂಡ್ ಕೂರಿಸ್ತಾನೆ. ಸುತ್ತ ಜಾಗ ಬಿಡಬೇಕಲ್ಲ, ಸ್ಟೂಲು ಗೀಲು ಅಲ್ಲಿ ಇಡೋ ಹಾಗಿಲ್ಲ."

"ನಾನೆಲ್ಲಿ ಕೂರಲಿ?" ಎಂದಳು ಸರಸ್ವತಿ.

"ಅಯ್ಯೋ, ಇಷ್ಟು ದೊಡ್ಡ ಮನೇಲಿ ಕೂರೋಕೆ ಜಾಗ ಇಲ್ವೇನೆ?"

"ಇಷ್ಟು ದೊಡ್ಡ ಮನೇಲಿ ಪೆಟ್ಟಿಗೆ ಇಡೋಕೆ ಜಾಗ ಇಲ್ಲ ಅಂತ ಹನ್ನೆರಡು ದಿನದಿಂದ ಬರೀತಿದ್ದೀರಿ."

"ಅದು ಮಿಷನ್ನು ಕಣೆ. ಶಾಖ ತಡೆಯಲ್ಲ. ನಲವತ್ತು ಡಿಗ್ರಿ ಮೀರಬಾರದು ಅಂತ ಬರೆದಿದ್ದಾರೆ."

ಸರಸ್ವತಿ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. "ಮಿಷನ್ನಿಗೆ ನಲವತ್ತು. ನನಗೆಷ್ಟು?"

ಸತ್ಯಮೂರ್ತಿ ನೋಟ್‌ಬುಕ್ಕಿನ ಹಾಳೆ ತಿರುವಿದ.

"ಹೇಳ್ರೀ. ಆ ನಲವತ್ನಾಲ್ಕು ಡಿಗ್ರೀಲಿ ಎರಡು ವಾರ ಇಟ್ಟಿದ್ದಕ್ಕೆ ಅದು ಸತ್ತೇಹೋಗುತ್ತೆ ಅಂತ ಮನೆಮಂದಿಯೆಲ್ಲಾ ಮೈಯೆಲ್ಲಾ ಕಣ್ಣಾಗಿ ಓಡಾಡಿದ್ರಿ. ಚಾಳು ಬಿಟ್ಟು ಈ ಮನೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ನಾನು ಅದರೊಳಗೇ ನಿಂತಿದ್ದೀನಿ. ಗಾಳಿಗೆ ಉರಿ ಆರುತ್ತೆ ಅಂತ ಒಂದು ಫ್ಯಾನೂ ಇಲ್ಲ. ಒಂದು ದಿನ ಯಾರಾದ್ರೂ ಥರ್ಮಾಮೀಟರ್ ತಂದ್ರಾ?"

"ಎದುರು ಮಾತು ಜಾಸ್ತಿಯಾಯ್ತು," ಎಂದರು ಶಾಮಣ್ಣನವರು ಮಜ್ಜಿಗೆ ಅನ್ನ ಕಲಸುತ್ತಾ. "ಹೆಂಗಸರು ಅಡುಗೆ ಮಾಡೋದು ಹೊಸದೇನಮ್ಮ? ನಿಮ್ಮತ್ತೆ ಮಾಡಲಿಲ್ವಾ?"

ಪುಟ್ಟಲಕ್ಷ್ಮಮ್ಮ ತಟ್ಟೆ ನೋಡಿಕೊಂಡೇ ಕೂತಿದ್ದರು.

"ಮಿಷನ್ನು ಎದ್ದು ಹೋಗಿ ಗಾಳಿ ತಗೊಳ್ಳೋಕಾಗಲ್ಲ, ನೀನು ಹೋಗಬಹುದಲ್ಲ," ಎಂದ ಸತ್ಯಮೂರ್ತಿ.

"ಎಲ್ಲಿಗೆ? ಆ ಗಾಳೀನೂ ಅದಕ್ಕೇ ಕೊಡ್ತಿದ್ದೀರಲ್ಲ!"

"ಪಪ್ಪಾ, ಮಮ್ಮಿ ಪಾಯಿಂಟ್ ಸಹೀ ಇದೆ ಯಾರ್," ಎಂದಳು ಶಾಮಲಾ.

"ನೀನು ಬಾಯಿ ಮುಚ್ಚಿಕೊಂಡು ಊಟ ಮಾಡು. ಬುಧವಾರ ಸ್ಟ್ಯಾಂಡ್ ಕೂರುತ್ತೆ, ಅಷ್ಟೇ," ಎಂದು ಸತ್ಯಮೂರ್ತಿ ಕಡ್ಡಿ ಮುರಿದಂತೆ ಹೇಳಿ ಕೈತೊಳೆಯಲು ಎದ್ದ.

ಸರಸ್ವತಿಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು, ಅದೂ ಗಂಡನ ಮೇಲೆ ಮಾತ್ರವಲ್ಲ. ಹದಿನಾಲ್ಕು ವರ್ಷ ಒಂದು ಮಾತೂ ಆಡದೆ ನಿಂತ ತನ್ನ ಮೇಲೂ. ಸೋಮವಾರ, ಮಂಗಳವಾರ ಎರಡು ದಿನ ಅವಳು ಅಡುಗೆ ಮಾಡಿದಳು, ಬಡಿಸಿದಳು, ಡಬ್ಬಿ ಕಟ್ಟಿದಳು. ಹೆಂಡತಿ ದಾರಿಗೆ ಬಂದಳು ಎಂದುಕೊಂಡು ಸತ್ಯಮೂರ್ತಿ ನಿಶ್ಚಿಂತೆಯಿಂದ ಬುಧವಾರ ಕೆಲಸಕ್ಕೆ ಹೋದ.

ಗದಿಗೆಪ್ಪ ಹತ್ತು ಗಂಟೆಗೆ ಬಂದು ಗ್ಯಾಲರಿಯ ಗೋಡೆಗೆ ತೂತು ಕೊರೆದು, ಸೊಂಟದ ಎತ್ತರಕ್ಕೆ ಕಬ್ಬಿಣದ ಸ್ಟ್ಯಾಂಡ್ ಕೂರಿಸಿ, ಅದರ ಮೇಲೆ ಒಂದು ಕಡಪ ಕಲ್ಲಿನ ಹಲಗೆ ಇಟ್ಟ. ಸರಸ್ವತಿ ಅವನಿಗೆ ಚಹಾ ಕೊಟ್ಟಳು.

"ಗಟ್ಟಿಯಾಗಿದೆಯಾ ಗದಿಗೆಪ್ಪನೋರೆ?"

"ನೀವು ಮ್ಯಾಲ ಹತ್ತಿ ನಿಂದರ‍್ರಿ ಅಕ್ಕಾರ, ಅಳ್ಳಾಡಿದ್ರ ಕೇಳ್ರಿ."

"ಬೆಂಕಿ ಇರೋ ಕಡೆ ಬ್ಯಾಟರಿ ಇಡಬಾರದು ಅಂತ ಅವತ್ತು ಅಂದ್ರಲ್ಲ, ಅದು ನಿಜವಾ?"

"ಬಿಲ್ಕುಲ್ ಇಡಬಾರದ್ರಿ. ಅಜ್ಜಾರು ಕೇಳಲಿಲ್ಲ."

"ಹಾಗಾದ್ರೆ ಚಹಾ ಕುಡಿದು ಸ್ವಲ್ಪ ಕೈಹಿಡೀರಿ. ಅಡುಗೆಮನೆಯಿಂದ ಆ ಗ್ಯಾಸ್ ಒಲೆ ತರಬೇಕು. ಆಮೇಲೆ ಸಿಲಿಂಡರ್."

ಗದಿಗೆಪ್ಪ ಕಲ್ಲನ್ನು ನೋಡಿದ, ಅವಳ ಮುಖ ನೋಡಿದ, ಚಹಾ ಒಂದೇ ಗುಟುಕಿಗೆ ಮುಗಿಸಿದ. "ಸಾಹೇಬ್ರು ನನ್ನ ಸುಮ್ನ ಬಿಡಂಗಿಲ್ರಿ."

"ನಾನಿದ್ದೀನಿ."

ಆರಾಮಕುರ್ಚಿಯಲ್ಲಿದ್ದ ಶಾಮಣ್ಣನವರ ಮುಂದೆಯೇ ಒಲೆ ಮೆರವಣಿಗೆ ಹೋಯಿತು. "ಏನಿದು? ಏನಿದು ಅಂತೀನಿ! ಒಲೇನ ಉತ್ತರಕ್ಕೆ ತಗೊಂಡು ಹೋಗ್ತಿದ್ದೀಯಾ? ಎದುರು ಬಿಲ್ಡಿಂಗಿನವರಿಗೆಲ್ಲಾ ಕಾಣೋ ಹಾಗೆ?"

"ಕಾಣಲಿ ಮಾವ. ಕದ್ದು ಮಾಡೋ ಅಡುಗೆ ಏನಲ್ವಲ್ಲ."

ಒಂದು ತೊಡಕು ಬಂತು. ಗ್ಯಾಲರಿಯ ಗಾಳಿ ಅವಳು ಹದಿನಾಲ್ಕು ವರ್ಷ ನಂಬಿಕೊಂಡ ಗಾಳಿಯೇ. ಆದರೆ ಒಲೆಯ ಉರಿಯನ್ನು ಅದು ಮೂರು ಸಲ ಆರಿಸಿತು. ಕಡ್ಡಿಪೆಟ್ಟಿಗೆ ಅರ್ಧ ಖಾಲಿಯಾಯಿತು. ಶಾಮಣ್ಣನವರು "ನೋಡು, ದೇವರೇ ಬೇಡ ಅಂತಿದ್ದಾನೆ" ಎಂದು ಜೋರಾಗಿಯೇ ಹೇಳಿದರು. ಸರಸ್ವತಿ ಸೆರಗು ಅಡ್ಡ ಹಿಡಿಯಹೋದಾಗ ಒಳಗಿನಿಂದ ಏನೋ ಎಳೆದಾಡುವ ಸದ್ದು ಬಂತು. ಪುಟ್ಟಲಕ್ಷ್ಮಮ್ಮ ಮಂಚದ ಕೆಳಗಿದ್ದ ತಮ್ಮ ಮದುವೆಯ ತಗಡಿನ ಟ್ರಂಕನ್ನು ಹೊರಗೆಳೆದಿದ್ದರು. ಅದರ ಹಸಿರು ಮುಚ್ಚಳದ ಮೇಲೆ ಎರಡು ಗಿಳಿಗಳ ಚಿತ್ರ ಇನ್ನೂ ಮಸುಕಾಗಿ ಕಾಣುತ್ತಿತ್ತು.

"ಗದಿಗೆಪ್ಪ, ಇದರ ಮುಚ್ಚಳ ಕಿತ್ತುಕೊಡು."

"ಅತ್ತೆ, ನಿಮ್ಮ ಮದುವೆ ಟ್ರಂಕು!"

"ಬಟ್ಟೆಗೆ ಮುಚ್ಚಳ ಇಲ್ದಿದ್ರೂ ನಡೆಯುತ್ತೆ. ಉರಿಗೆ ಮರೆ ಬೇಕು." ಅಷ್ಟು ಹೇಳಿ ಅವರು ಗಂಡನ ಕಡೆ ತಿರುಗಿಯೂ ನೋಡದೆ ಒಳಗೆ ಹೋದರು. ಗದಿಗೆಪ್ಪ ಮುಚ್ಚಳವನ್ನು ಗ್ಯಾಲರಿಯ ಗ್ರಿಲ್ಲಿಗೆ ತಂತಿಯಿಂದ ಬಿಗಿದ. ಉರಿ ಆರದೆ ನಿಂತಿತು.

ಆ ಮಧ್ಯಾಹ್ನ ಶಾಮಣ್ಣನವರು ಆ ಒಲೆಯ ಊಟ ಮುಟ್ಟುವುದಿಲ್ಲ ಎಂದರು. ಎರಡು ಗಂಟೆಗೆ ಅವಲಕ್ಕಿ ಕೇಳಿದರು. ಸಂಜೆ ಸತ್ಯಮೂರ್ತಿ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಗ್ಯಾಲರಿಯ ಬಾಗಿಲಲ್ಲಿ ನಿಂತ.

"ಯಾರನ್ನ ಕೇಳಿ ಮಾಡಿದೆ?"

"ನಿಮ್ಮ ನೋಟ್‌ಬುಕ್ ಕೇಳಿದೆ. ಮೂವತ್ಮೂರು ಅಂತು."

"ಭಾನುವಾರ ಎಲ್ಲಾ ವಾಪಸ್ ಒಳಗೆ ಹೋಗಬೇಕು."

"ಹೋಗಲಿ," ಎಂದಳು ಸರಸ್ವತಿ. "ನೀವೇ ಎತ್ತಿಕೊಂಡು ಹೋಗಿ ಇಡಿ. ಹನ್ನೊಂದು ಗಂಟೆಗೆ ಒಲೆ ಹಚ್ಚಿ. ಅನ್ನ, ಹುಳಿ, ಪಲ್ಯ, ನಾಲ್ಕು ಹಪ್ಪಳ. ಐದು ಜನಕ್ಕೆ. ಒಂದು ಗಂಟೆವರೆಗೂ ಹೊರಗೆ ಬರದೆ ಅಲ್ಲೇ ನಿಂತು ಮಾಡಿದ್ರೆ ಒಲೆ ಅಲ್ಲೇ ಇರಲಿ, ಗ್ಯಾಲರಿ ನಿಮ್ಮ ಪೆಟ್ಟಿಗೆಗೆ. ನಾನು ಇನ್ನೊಂದು ಮಾತಾಡಲ್ಲ. ಅದಕ್ಕೆ ಮೊದಲೇ ಹೊರಗೆ ಬಂದ್ರೆ ಒಲೆ ಇಲ್ಲಿ."

"ಏನು, ನನಗೆ ಅಡುಗೆ ಬರಲ್ಲ ಅಂದ್ಕೊಂಡಿದ್ದೀಯಾ? ಮದುವೆಗೆ ಮುಂಚೆ, ಕೆಲಸಕ್ಕೆ ಹತ್ತಿರ ಅಂತ ಹಿಡಿದಿದ್ದ ಬೊರಿವಲಿ ರೂಮಲ್ಲಿ ನಾನೇ ಮಾಡ್ತಿದ್ದೆ."

"ಬರುತ್ತೆ ಅಂತಾನೇ ಹೇಳ್ತಿರೋದು."

ಭಾನುವಾರದವರೆಗೆ ಗಂಡಹೆಂಡಿರ ನಡುವೆ ಮಾತು ಶಾಮಲಾಳ ಮೂಲಕ ನಡೆಯಿತು. ಭಾನುವಾರ ಸತ್ಯಮೂರ್ತಿ ಸ್ನಾನ ಮಾಡಿ, ಟವೆಲ್ ಹೆಗಲಿಗೆ ಹಾಕಿಕೊಂಡು, ಒಲೆಯನ್ನು ಒಳಗೆ ಹೊತ್ತು, ಸರಿಯಾಗಿ ಹನ್ನೊಂದಕ್ಕೆ ಹಚ್ಚಿದ. ಮೊಳೆಗೆ ಥರ್ಮಾಮೀಟರ್ ನೇತುಹಾಕಿದ್ದೂ ಅವನೇ. ಶಾಮಲಾ ಬಾಗಿಲಲ್ಲಿ ಗಡಿಯಾರ, ನೋಟ್‌ಬುಕ್ ಹಿಡಿದು ಕೂತಳು. ಸರಸ್ವತಿ ಗ್ಯಾಲರಿಯಲ್ಲಿ ಸ್ಟೂಲಿನ ಮೇಲೆ ಕೂತು ಪತ್ರಿಕೆ ಬಿಡಿಸಿದಳು. ಹದಿನಾಲ್ಕು ವರ್ಷಗಳಲ್ಲಿ ಭಾನುವಾರ ಹನ್ನೊಂದು ಗಂಟೆಗೆ ಆ ಜಾಗ ಹೇಗಿರುತ್ತದೆಂದು ಅವಳು ನೋಡಿರಲೇ ಇಲ್ಲ.

"ತೊಗರಿಬೇಳೆ ಎಲ್ಲಿ?" ಒಳಗಿನಿಂದ ಕೂಗು ಬಂತು.

"ಮಂಚದ ಕೆಳಗೆ. ನಿಮ್ಮ ಪೆಟ್ಟಿಗೆಗೆ ಜಾಗ ಬೇಕಿತ್ತಲ್ಲ."

ಕುಕ್ಕರ್ ಕೂಗಿತು. ಹಬೆ ಬಾಗಿಲಿಗೂ ಬಂತು. ಹತ್ತು ನಿಮಿಷಕ್ಕೆ ಬನಿಯನ್ ಬೆನ್ನಿಗೆ ಅಂಟಿತು. "ಪಪ್ಪಾ, ಫಾರ್ಟಿ ವನ್," ಎಂದಳು ಶಾಮಲಾ. ಇಪ್ಪತ್ತು ನಿಮಿಷಕ್ಕೆ ಅವನು ಟವೆಲಿನಿಂದ ಕಣ್ಣು ಒರೆಸಿಕೊಳ್ಳತೊಡಗಿದ. "ಫಾರ್ಟಿ ಥ್ರೀ." ಹುಳಿಗೆ ಒಗ್ಗರಣೆ ಹಾಕಿದಾಗ ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಹತ್ತಿತು. ಕಿಟಕಿಗೆ ಮುಖವೊಡ್ಡಿದರೆ ಅಲ್ಲಿ ಪಕ್ಕದ ಬಿಲ್ಡಿಂಗಿನ ಗೋಡೆ ಬಿಟ್ಟು ಬೇರೇನೂ ಇರಲಿಲ್ಲ. ಹಪ್ಪಳಕ್ಕೆ ಎಣ್ಣೆ ಕಾಯಲಿಟ್ಟ. ಆ ಬಾಣಲೆಯ ಮುಂದೆ ನಿಂತವನು ಎರಡನೆಯ ಹಪ್ಪಳ ಸುಟ್ಟು ಕರಕಾಗುತ್ತಿದ್ದರೂ ತೆಗೆಯದೆ, ಒಲೆ ಆರಿಸಿ, ಗೋಡೆ ಹಿಡಿದುಕೊಂಡು ಹೊರಗೆ ಬಂದು ಫ್ಯಾನಿನ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟ. ಮುಖ ಕೆಂಪಾಗಿತ್ತು.

"ಒಂದು ಲೋಟ ನೀರು."

"ಅಜ್ಜೀ, ಪಪ್ಪಾ ಟ್ರಿಪ್ ಆದ್ರು!" ಎಂದು ಶಾಮಲಾ ಕೂಗಿದಳು. ಗಡಿಯಾರ ಹನ್ನೊಂದು ಮೂವತ್ತೆಂಟು ತೋರಿಸುತ್ತಿತ್ತು.

ಸರಸ್ವತಿ ನಗಲಿಲ್ಲ. ನೀರು ತಂದುಕೊಟ್ಟಳು, ಅವನು ಕುಡಿದು ಮುಗಿಸುವವರೆಗೂ ನಿಂತಿದ್ದಳು. ಅವಳಿಗೆ ಅವನ ಮೇಲೆ ಕನಿಕರ ಬಂತು, ಆದರೆ ಅಡುಗೆಮನೆಗೆ ಮಾತ್ರ ಹೋಗಲಿಲ್ಲ.

"ಹಪ್ಪಳ ಉಳಿದಿದೆ, ಪಲ್ಯ ಆಗಿಲ್ಲ," ಎಂದ ಅವನು ಅವಳ ಕಡೆ ನೋಡದೆ.

"ಒಲೆ ಇಲ್ಲಿಗೆ ಬರಲಿ. ಮಾಡ್ತೀನಿ."

ಸತ್ಯಮೂರ್ತಿ ಇನ್ನೂ ಎರಡು ನಿಮಿಷ ಕೂತಿದ್ದು, ಎದ್ದು, ಒಲೆಯನ್ನು ತಾನೇ ಗ್ಯಾಲರಿಗೆ ತಂದಿಟ್ಟ.

ಶಾಮಣ್ಣನವರು ಕುರ್ಚಿಯಲ್ಲಿ ಮಿಸುಕಾಡಿದರು. "ಹಾಗಾದ್ರೆ ಆಗ್ನೇಯಕ್ಕೆ ಅಗ್ನಿನೇ ಇಲ್ಲದ ಹಾಗಾಯ್ತಲ್ಲ?"

"ಯಾಕಿಲ್ಲ ಮಾವ? ನಿಮ್ಮ ಪೆಟ್ಟಿಗೆ ಅಲ್ಲೇ ಇರಲಿ. ವಿದ್ಯುತ್ತು ಅಂದ್ರೆ ಅಗ್ನಿ ಅಂತ ನೀವೇ ಹೇಳಿದ್ದು. ಒಲೆ ಇಲ್ಲದೆ ಅಲ್ಲಿ ಮೂವತ್ತೇಳೇ ಡಿಗ್ರಿ. ನೋಟ್‌ಬುಕ್ಕಲ್ಲಿದೆ, ನೋಡಿ."

ಮರುವಾರ ಗದಿಗೆಪ್ಪ ಬಂದು ನೋಡಿ ತಲೆಯಾಡಿಸಿದ. "ಒಲಿ ಇಲ್ಲಂದ್ರ ಇಲ್ಲೇ ಆರಾಮ್ ಇರ್ತೈತ್ರಿ." ತಮ್ಮ ಮಾತೇ ಕೊನೆಗೆ ನಡೆಯಿತೆಂದು ಶಾಮಣ್ಣನವರು ಹೊಸ ನಿಂಬೆಹಣ್ಣು ತರಿಸಿದರು. ಆ ವಾರ ಮೂರು ಸಲ ಕರೆಂಟು ಹೋಯಿತು, ಮೂರು ಸಲವೂ ಫ್ಯಾನು ತಿರುಗಿತು.

ಆದರೆ ಅದೆಲ್ಲಾ ಆಮೇಲಿನ ಮಾತು. ಆ ಭಾನುವಾರ ಪಲ್ಯ ಇಳಿಸಿ ಸರಸ್ವತಿ ಒಳಗೆ ಬಂದಾಗ ಸತ್ಯಮೂರ್ತಿ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದ. ಅಂಕಿಯ ವಿಷಯದಲ್ಲಿ ಸುಳ್ಳು ಬರೆದು ಅಭ್ಯಾಸವಿರದ ಮನುಷ್ಯ ಅವನು. "ಅಡುಗೆಮನೆ, ಒಲೆ ಹಚ್ಚಿದಾಗ: ನಲವತ್ತೈದು ಡಿಗ್ರಿ. ಸತ್ಯಮೂರ್ತಿ: ಮೂವತ್ತೆಂಟು ನಿಮಿಷ." ಬರೆದು ಸಹಿಯನ್ನೂ ಹಾಕಿದ.

ಸರಸ್ವತಿ ಅವನ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗಿನ ಸಾಲಿನಲ್ಲಿ ಬರೆದಳು. "ಸರಸ್ವತಿ: ಹದಿನಾಲ್ಕು ವರ್ಷ."

ಬಾಗಿಲ ಬಳಿ ತಟ್ಟೆ ಹಾಕುತ್ತಿದ್ದ ಪುಟ್ಟಲಕ್ಷ್ಮಮ್ಮ ಬಗ್ಗಿ ನೋಡಿದರು. ಅವರಿಗೆ ಕನ್ನಡಕವಿಲ್ಲದೆ ಓದಲು ಆಗುತ್ತಿರಲಿಲ್ಲ. ಶಾಮಲಾ ಓದಿ ಹೇಳಿದಳು. ಅವರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು.

"ಅದರ ಕೆಳಗೆ ನನ್ನದೂ ಬರಿಯೇ ಸರಸ್ವತಿ," ಎಂದರು, ಗಂಡನಿಗೆ ಕೇಳುವ ಹಾಗೆ. "ವಡಾಲದ ಚಾಳಿನ ಅಡುಗೆಕೋಣೆ, ಇಪ್ಪತ್ತೆರಡು ವರ್ಷ. ಅಲ್ಲಿ ಕಿಟಕೀನೇ ಇರಲಿಲ್ಲ ಅಂತಲೂ ಬರಿ."